ಬಸರಾಕ್ಕೆ ಹೋಗಿ ಬಾರದವರ ಮನೆಮಂದಿಗೆ

ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯಿಂದ ಮೊದಲ ಮಹಾಯುದ್ಧದ ಕಾಲಕ್ಕೆ ದಂಡಿನ ಜೊತೆ ಹೋಗಿ ತಿರುಗಿ ಬಾರದವರ ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ, ಶರಣು.

ನಿಮ್ಮಲ್ಲಿ ಯಾರ ಮುಖವನ್ನೂ ನಾನು ನೋಡಿಲ್ಲ. ಆದರೆ ನಿಮ್ಮ ಮನೆಯಲ್ಲಿ ಓಡಾಡುವ ಒಂದು ಮಾತು ನನಗೆ ಗೊತ್ತು: "ನಮ್ಮ ಮುತ್ಯಾನ ಅಪ್ಪ ಬಸರಾಕ್ಕ ಹೋದಾಂವ, ಬರಲೇ ಇಲ್ಲ." ಅಷ್ಟೇ. ಯಾವ ವರ್ಷ ಹೋದ, ಯಾವ ಪಡೆಯಲ್ಲಿದ್ದ, ಗುಂಡು ತಗುಲಿತೋ ವಾಂತಿಭೇದಿ ಬಡಿಯಿತೋ, ಎಲ್ಲಿ ಮಣ್ಣು ಮಾಡಿದರು, ಯಾವುದೂ ಆ ಮಾತಿನಲ್ಲಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ ಇತ್ತು. ಆರು ವರ್ಷ ಅದರ ಬೆನ್ನು ಹತ್ತಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಸಮಾಧಿ ಸಿಕ್ಕಿತೆಂದು ಹೇಳಿಕೊಳ್ಳಲು ಅಲ್ಲ. ಸಿಕ್ಕಿಲ್ಲ. ಹುಡುಕುವಾಗ ನಾನು ತಿಂದ ಪೆಟ್ಟು ನೀವು ತಿನ್ನುವುದು ಬೇಡ, ಮತ್ತು ಒಂದು ಕೆಲಸ ನಾವೆಲ್ಲ ಕೂಡಿ ಮಾಡುವುದಿದೆ. ಅದಕ್ಕೆ ಈ ಪತ್ರ.

ನಮ್ಮದು ಲಿಂಗಾಯತ ಮನೆತನ. ಹಿರಿಯರೆಲ್ಲ ಹೊಲದ ಮೂಡಣ ಬದುವಿಗೆ ಸಾಲಾಗಿ ಮಣ್ಣಾಗಿದ್ದಾರೆ. ಸಾಲಿನ ನಡುವೆ ಒಂದು ಕಡೆ ಜಾಗ ಖಾಲಿ. ಬಸರಾಕ್ಕೆ ಹೋದವನ ಹೆಂಡತಿ ತೀರಿದಾಗ ಅವಳ ಮಗ್ಗುಲಲ್ಲಿ ಒಂದಾಳು ಕೂರುವಷ್ಟು ಬಿಟ್ಟರಂತೆ. ಕೂರುವಷ್ಟು ಎಂದು ಬೇಕೆಂದೇ ಬರೆದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಕೊಡುವುದು. ನಮ್ಮ ಆಯಿಗೆ ಮಾವ ಸತ್ತ ಸಂಕಟಕ್ಕಿಂತ ಇದೇ ದೊಡ್ಡ ಸಂಕಟವಾಗಿತ್ತು. "ಅಂವನ್ನ ಕುಂಡರಿಸಿದ್ರೋ, ಮಲಗಿಸಿದ್ರೋ, ಇಲ್ಲಾ ಸುಟ್ರೋ?" ಎನ್ನುತ್ತಿದ್ದಳು. ಮಾವನ ಮುಖ ನೋಡದ ಸೊಸೆ ಅವಳು. ಪ್ರತಿ ಮಾನವಮಿ ಅಮಾಸಿಗೆ ಹಿರಿಯರ ಎಡೆ ಇಡುವಾಗ ಅವನದೊಂದು ಎಲೆ ಬೇರೆ ಹಾಕುತ್ತಿದ್ದಳು.

ಆ ಪ್ರಶ್ನೆಗೆ ಉತ್ತರ ಸಿಗುವಂಥದ್ದಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾದವು. ದಂಡಿನ ಲೆಕ್ಕದಲ್ಲಿ ಎರಡೇ ದಾರಿ: ಮುಸಲ್ಮಾನನಾದರೆ ಹೂಳು, ಹಿಂದೂ ಆದರೆ ಸುಡು. ಕೂರಿಸಿ ಹೂಳುವ ಒಂದು ಜಾತಿ ಕೃಷ್ಣೆ, ಮಲಪ್ರಭೆಯ ದಂಡೆಯಲ್ಲಿದೆ ಎಂದು ಟೈಗ್ರಿಸ್ ದಂಡೆಯ ಆಸ್ಪತ್ರೆ ಡೇರೆಯ ಕಾರಕೂನನಿಗೆ ಯಾರು ಹೇಳಬೇಕು? ಹೀಗಾಗಿ ನಿಮ್ಮಲ್ಲಿ ಅರ್ಧದಷ್ಟು ಜನರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಹುಡುಕುತ್ತಿರುವ ಗೋರಿ ಕಾಣೆಯಾಗಿಲ್ಲ, ಅದು ಇರಲೇ ಇಲ್ಲ. ಸುಟ್ಟು ಬೂದಿಯಾದವನಿಗೆ ಗೋರಿ ಎಲ್ಲಿಂದ ಬರಬೇಕು?

ಹುಡುಕುವ ಮೊದಲು ಅಲ್ಲಿ ನಡೆದದ್ದು ಏನೆಂದು ಸ್ವಲ್ಪ ತಿಳಿದಿರಲಿ. 1914ರ ನವೆಂಬರಿನಲ್ಲಿ ಭಾರತದಿಂದ ಹೋದ ಸೈನ್ಯ ಇಂದಿನ ಇರಾಕಿನ ಫಾವ್‌ನಲ್ಲಿ ಇಳಿದು ಬಸರಾ ಹಿಡಿಯಿತು. ಬಾಗ್ದಾದಿಗೆ ನುಗ್ಗಲು ಹೋಗಿ ಸೋತು ಹಿಂದೆ ಸರಿದು ಕುಟ್ ಎಂಬ ಊರಿನಲ್ಲಿ ಸಿಕ್ಕಿಬಿತ್ತು. 1915ರ ಡಿಸೆಂಬರಿನಿಂದ 147 ದಿನ ಮುತ್ತಿಗೆ. 1916ರ ಏಪ್ರಿಲ್ 29ಕ್ಕೆ ಶರಣಾದವರು ಸುಮಾರು 13 ಸಾವಿರ. ಅದರಲ್ಲಿ ನಮ್ಮ ಮರಾಠಾ ಪಲ್ಟನ್ನುಗಳೂ ಇದ್ದವು: 103, 110, 117. ಸೆರೆಸಿಕ್ಕವರನ್ನು ತುರ್ಕರು ಬಿಸಿಲಲ್ಲಿ ಮರಳುಗಾಡು ದಾಟಿಸಿ ಅನಾಟೋಲಿಯಾದ ರೈಲು ಕೆಲಸಕ್ಕೆ ಎಳೆದೊಯ್ದರು. ದಾರಿಯಲ್ಲಿ ಬಿದ್ದವರನ್ನು ಬಿದ್ದಲ್ಲೇ ಬಿಟ್ಟು ಮುಂದೆ ಹೋದರು. ಬಾಗ್ದಾದ್ ಬ್ರಿಟಿಷರ ಕೈಗೆ ಬಂದದ್ದು 1917ರ ಮಾರ್ಚಿನಲ್ಲಿ.

ಇದು ಎಲ್ಲ ಪುಸ್ತಕದಲ್ಲೂ ಸಿಗುವ ಕಥೆ, ಬಂದೂಕು ಹಿಡಿದವರ ಕಥೆ. ನಮ್ಮ ದೊಡ್ಡ ಮುತ್ಯಾ ಬಂದೂಕು ಹಿಡಿದವನಲ್ಲ. ಭಾರತದಿಂದ ಆ ರಣಕ್ಕೆ ಹೋದವರು ಆರು ಲಕ್ಷದ ಹತ್ತಿರ, ಅವರಲ್ಲಿ ಅರ್ಧದಷ್ಟು ಜನ ಬಂದೂಕು ಮುಟ್ಟದವರೇ. ಹಡಗಿನಿಂದ ಮೂಟೆ ಇಳಿಸುವವರು, ಹೇಸರಗತ್ತೆ ಹೊಡೆಯುವವರು, ನೀರು ಹೊರುವ ಭಿಸ್ತಿಗಳು, ಹಳಿ ಹಾಸುವವರು, ಅಡಿಗೆಯವರು, ಕಕ್ಕಸು ಬಳಿಯುವವರು. ದಂಡಿನ ಕಾಗದದಲ್ಲಿ ಇವರಿಗೆಲ್ಲ ಒಂದೇ ಹೆಸರು, ಫಾಲೋವರ್. 1916ರಲ್ಲಿ ಜೈಲಿನ ಕೈದಿಗಳನ್ನೂ ಶಿಕ್ಷೆ ಮಾಫಿಯ ಆಸೆ ತೋರಿಸಿ ಕೂಲಿ ಪಡೆ ಕಟ್ಟಿ ಒಯ್ದರು. ಕೆಲವು ಮನೆಗಳಲ್ಲಿ ಬಸರಾದ ಮಾತು ತೆಗೆದರೆ ಹಿರಿಯರು ಸುಮ್ಮನಾಗುವುದಕ್ಕೆ ಇದೂ ಕಾರಣವಿರಬಹುದು. ಅದರಲ್ಲಿ ನಾಚುವುದೇನಿಲ್ಲ, ಕೇಳಿ ನೋಡಿ.

ಸತ್ತವರ ಲೆಕ್ಕಕ್ಕೆ ಬರುತ್ತೇನೆ. ಟೈಗ್ರಿಸ್ ದಂಡೆಯಲ್ಲಿ ಅಮಾರಾ ಎಂಬ ಊರಿದೆ. ಯುದ್ಧದ ಕಾಲಕ್ಕೆ ಅದೊಂದು ಆಸ್ಪತ್ರೆಗಳ ಊರೇ ಆಗಿತ್ತು. ಅಲ್ಲಿ ಎರಡು ಸ್ಮಶಾನಗಳಿವೆ. ದೊಡ್ಡದರಲ್ಲಿ 4,600ಕ್ಕೂ ಹೆಚ್ಚು ಮಂದಿ, ಬಹುತೇಕರಿಗೆ ಹೆಸರಿದೆ. ಇನ್ನೊಂದು, ಹೊಳೆಯ ಎಡದಂಡೆಯ ಭಾರತೀಯ ಸ್ಮಶಾನ. ಅಲ್ಲಿ ಸುಮಾರು 5,000 ಭಾರತೀಯರಿದ್ದಾರೆ. ಅವರಲ್ಲಿ ಹೆಸರು ಗೊತ್ತಿರುವವರು ಎಷ್ಟು ಅಂತೀರಿ? ಒಂಬತ್ತು. ಐದು ಸಾವಿರದಲ್ಲಿ ಒಂಬತ್ತು. ಮಿಕ್ಕವರನ್ನು ಎಲ್ಲಿ ಹೂಳಿದೆವೆಂದು ಸೈನ್ಯದವರು ಪೂರ್ತಿ ಬರೆದಿಡಲೇ ಇಲ್ಲ. ಕನ್ನಡದ ಕಿವಿಗೆ ಅಮಾರಾ ಎನ್ನುವುದು ಅಮರ ಎಂದೇ ಕೇಳುತ್ತದೆ. ಮೊದಲ ಸಲ ಓದಿದಾಗ ನಾನು ಅಮರಾ ಎಂದೇ ಓದಿಕೊಂಡಿದ್ದೆ.

ಹೆಸರಿದ್ದ ಕಲ್ಲುಗಳೂ ಉಳಿಯಲಿಲ್ಲ. ಅಲ್ಲಿಯ ಮಣ್ಣು ಉಪ್ಪುಮಣ್ಣು, ಕಲ್ಲನ್ನೇ ತಿನ್ನುತ್ತದೆ. ಅಮಾರಾದ ದೊಡ್ಡ ಸ್ಮಶಾನದ ತಲೆಗಲ್ಲುಗಳನ್ನು 1933ರಲ್ಲಿ, ಬಸರಾದವನ್ನು 1935ರಲ್ಲಿ ಕಿತ್ತು ತೆಗೆದು, ಹೆಸರುಗಳನ್ನು ಒಂದು ಗೋಡೆಯ ಮೇಲೆ ಕೆತ್ತಿದರು.

ಈ ಒಂದು ಸಂಗತಿ ಗೊತ್ತಿಲ್ಲದೆ ನಾನು ಮೋಸಹೋದೆ. ಹುಡುಕಾಟದ ಎರಡನೇ ವರ್ಷ, ಕೊಲ್ಲಿ ದೇಶದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಗೃಹಸ್ಥ ಪರಿಚಯದವರ ಮೂಲಕ ಸಂಪರ್ಕಕ್ಕೆ ಬಂದ. ಬಸರಾದಲ್ಲಿ ತನಗೆ ಜನರಿದ್ದಾರೆ, ಗೋರಿ ಹುಡುಕಿ ಫೋಟೊ ತೆಗೆಸಿ ಕಳಿಸುತ್ತೇನೆ ಎಂದ. ಖರ್ಚೆಂದು ಹದಿನೆಂಟು ಸಾವಿರ ಕೇಳಿದ, ಕೊಟ್ಟೆ. ತಿಂಗಳೊಪ್ಪತ್ತಿನಲ್ಲಿ ಫೋಟೊ ಬಂತು. ಬೆಳ್ಳಗಿನ ತಲೆಗಲ್ಲು, ಅದರ ಮೇಲೆ ಚೊಕ್ಕ ಅಕ್ಷರದಲ್ಲಿ ನಮ್ಮ ದೊಡ್ಡ ಮುತ್ಯಾನ ಹೆಸರು. ಮನೆಯಲ್ಲಿ ಎಲ್ಲರೂ ಅತ್ತೆವು. ಚೌಕಟ್ಟು ಹಾಕಿಸಿ ಜಗಲಿಯ ಮೇಲಿನ ಗೋಡೆಗೆ ತೂಗುಹಾಕಿದೆವು. ಬಸರಾದ ಆ ಸ್ಮಶಾನದಲ್ಲಿ ಎಂಬತ್ತು ವರ್ಷಗಳಿಂದ ತಲೆಗಲ್ಲೇ ಇಲ್ಲವೆಂದು ಓದಿದ್ದು ಅದಾದ ಏಳು ತಿಂಗಳಿಗೆ. ಆ ಕಲ್ಲು ಯಾವ ದೇಶದ ಯಾವ ಸ್ಮಶಾನದ್ದೋ, ಹೆಸರನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದ. ನನ್ನ ಅವ್ವ ಆ ಫೋಟೊ ತೆಗೆಯಲು ಇನ್ನೂ ಬಿಟ್ಟಿಲ್ಲ. "ಸುಳ್ಳಿದ್ರ ಇರಲಿ, ಹೆಸರು ಖರೇ ಐತಲ್ಲ" ಅನ್ನುತ್ತಾಳೆ. ಯಾರಾದರೂ ನಿಮಗೆ ಅಮಾರಾದ, ಬಸರಾದ ತಲೆಗಲ್ಲಿನ ಫೋಟೊ ತೋರಿಸಿ ದುಡ್ಡು ಕೇಳಿದರೆ 1933, 1935, ಈ ಎರಡು ಇಸವಿ ನೆನಪು ಮಾಡಿಕೊಳ್ಳಿ.

ಗೋರಿ ಇಲ್ಲದವರಿಗಾಗಿ ಕಟ್ಟಿದ್ದು ಬಸರಾ ಸ್ಮಾರಕ. 1929ರಲ್ಲಿ ಅನಾವರಣವಾಯಿತು. 40 ಸಾವಿರಕ್ಕೂ ಹೆಚ್ಚು ಮಂದಿಯ ನೆನಪಿಗೆ ಕಟ್ಟಿದ ಉದ್ದನೆಯ ಕಂಬಸಾಲು ಅದು. ಇಲ್ಲಿ ನೋಡಿ ನಮ್ಮವರಿಗೆ ಆದದ್ದನ್ನು. ಬ್ರಿಟಿಷರಾದರೆ ಸಾಮಾನ್ಯ ಸೈನಿಕನ ಹೆಸರೂ ಕಲ್ಲಿನ ಮೇಲೆ. ಭಾರತೀಯರಾದರೆ ಅಧಿಕಾರಿಗಳ ಹೆಸರು ಮಾತ್ರ. ಪಲ್ಟನ್ನಿನ ಮಿಕ್ಕವರನ್ನೆಲ್ಲ 'ಮತ್ತೆ ಇಷ್ಟು ಜನ ಭಾರತೀಯ ಸಿಪಾಯಿಗಳು' ಎಂದು ಅಂಕಿ ಹಾಕಿ ಮುಗಿಸಿದರು. ಹೆಸರುಗಳು ಹೋಗಿ ಕೂತದ್ದು ಬೇರೊಂದು ಪುಸ್ತಕದಲ್ಲಿ. 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗ ಹೊರಟದ್ದೇ ಸತ್ತವರಲ್ಲಿ ಮೇಲುಕೀಳಿಲ್ಲ ಎಂಬ ಘೋಷಣೆಯೊಂದಿಗೆ. ಹಾಗಾಗಿ ಮರಳುಗಾಡು, ಯುದ್ಧದ ಗಡಿಬಿಡಿ ಎಂಬ ಸಮಜಾಯಿಷಿ ಅಮಾರಾದ ಮಟ್ಟಿಗೆ ಒಪ್ಪಬಹುದು, ಬಸರಾದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಅಲ್ಲಿ ಹೆಸರುಗಳು ಕೈಯಲ್ಲಿದ್ದವು, ಕೆತ್ತುವುದು ಬೇಡವೆಂದು ಕೂತು ತೀರ್ಮಾನಿಸಿದರು.

ಆ ಸ್ಮಾರಕವೂ ಇದ್ದಲ್ಲಿ ಇಲ್ಲ. 1997ರಲ್ಲಿ ಸದ್ದಾಂ ಹುಸೇನನ ಆಜ್ಞೆಯಂತೆ ಕಲ್ಲು ಕಲ್ಲು ಬಿಚ್ಚಿ, ಬಸರಾದಿಂದ 32 ಕಿಲೋಮೀಟರು ಆಚೆ ನಾಸಿರಿಯಾ ದಾರಿಯಲ್ಲಿ, ಬಟ್ಟಬಯಲಲ್ಲಿ ಮತ್ತೆ ನಿಲ್ಲಿಸಿದರು.

2021ರ ಏಪ್ರಿಲಿನಲ್ಲಿ ಆಯೋಗವೇ ಒಂದು ವರದಿ ಹೊರಡಿಸಿ ತಪ್ಪು ಒಪ್ಪಿಕೊಂಡಿತು. ಏಷ್ಯಾ, ಆಫ್ರಿಕಾದ ಕಡೆಯ 45ರಿಂದ 54 ಸಾವಿರ ಮಂದಿಯನ್ನು ಸಮನಾಗಿ ಸ್ಮರಿಸಿಲ್ಲ, ಕಡಿಮೆಯೆಂದರೂ 1,16,000 ಮಂದಿಯನ್ನು ಹೆಸರು ಹೇಳಿ ಸ್ಮರಿಸಿಲ್ಲ ಇಲ್ಲವೇ ಸ್ಮರಿಸಿಯೇ ಇಲ್ಲ, ಈ ಸಂಖ್ಯೆ ಮೂರೂವರೆ ಲಕ್ಷದವರೆಗೂ ಹೋಗಬಹುದು ಎಂದು ಅದರಲ್ಲಿದೆ. ಬ್ರಿಟನ್ನಿನ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಆ ಸುದ್ದಿ ಓದಿದ ದಿನ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವೇ ಆಯಿತು. ನೂರು ವರ್ಷ ನಮ್ಮ ಆಯಂದಿರು ಕೇಳಿದ ಪ್ರಶ್ನೆ ಹುಚ್ಚು ಪ್ರಶ್ನೆಯಾಗಿರಲಿಲ್ಲ.

ಇದೇ ಆಯೋಗಕ್ಕೆ ಸ್ಮಾರಕಗಳ ಮೇಲೆ ಕೆತ್ತುವ ಮಾತುಗಳನ್ನು ಹೊಂದಿಸಿಕೊಟ್ಟವನು ಇಂಗ್ಲಿಷ್ ಕವಿ ರಡ್ಯರ್ಡ್ ಕಿಪ್ಲಿಂಗ್. ಅವನ ಮಗ 1915ರಲ್ಲಿ ಫ್ರಾನ್ಸಿನ ಲೂಸ್‌ನಲ್ಲಿ ಸತ್ತ. ಅಷ್ಟು ದೊಡ್ಡ ಹೆಸರಿನ ಅಪ್ಪ ಸಾಯುವ ತನಕ ಹುಡುಕಿದರೂ ಮಗನ ಗೋರಿ ಸಿಗಲಿಲ್ಲ. ಇದೇ ಎಂದು ಆಯೋಗ ಒಂದು ಗೋರಿಯನ್ನು ಗುರುತಿಸಿದ್ದು 1992ರಲ್ಲಿ, ಅದರ ಬಗ್ಗೆಯೂ ತಕರಾರುಗಳು ಎದ್ದವು. ಕಿಪ್ಲಿಂಗನ ಸಾಮ್ರಾಜ್ಯದ ಹಾಡು ನನಗೆ ಹಿಡಿಸುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಅವನೂ ನಮ್ಮ ಸಾಲಿನವನೇ.

ಈಗ ನಿಮ್ಮ ಹುಡುಕಾಟದ ಮಾತು. ಇರಾಕಿನಿಂದ ಸುರು ಮಾಡಬೇಡಿ, ಜಗಲಿಯಿಂದ ಸುರು ಮಾಡಿ. ಯುದ್ಧಕ್ಕೆ ಹೋದವರಿಗೆ, ಸತ್ತಿದ್ದರೆ ಅವರ ಮನೆಗೆ, ಸರಕಾರ ಒಂದು ಪದಕ ಕೊಟ್ಟಿತ್ತು. ಸಿಪಾಯಿಗೆ ಬೆಳ್ಳಿಯದು, ಫಾಲೋವರನಿಗೆ ಕಂಚಿನದು. ಸಾವಿನಲ್ಲೂ ಈ ತಾರತಮ್ಯ ಬಿಡಲಿಲ್ಲ ನೋಡಿ. ಆದರೆ ಬರದ ವರ್ಷಗಳಲ್ಲಿ ಬೆಳ್ಳಿ ಪದಕ ಅಕ್ಕಸಾಲಿಗನ ಮೂಸೆ ಸೇರಿ ಕಾಲುಂಗುರವಾಯಿತು. ಕಂಚಿನದಕ್ಕೆ ಬೆಲೆ ಇರಲಿಲ್ಲ, ಅದು ಉಳಿಯಿತು. ಒಂದು ಮಗ್ಗುಲಿಗೆ ದೊರೆಯ ತಲೆ, ಇನ್ನೊಂದಕ್ಕೆ ಕುದುರೆ ಏರಿದ ಬತ್ತಲೆ ಸವಾರ, ಕುದುರೆಯ ಕಾಲಡಿಗೆ ತಲೆಬುರುಡೆ. ನಮ್ಮ ಆಯಿ ಅವನನ್ನು ಮೈಲಾರಲಿಂಗ ಎಂದೇ ತಿಳಿದಿದ್ದಳು. ಜಗಲಿಯ ಮೇಲೆ ಉಳಿದ ದೇವರ ಸಾಲಿನಲ್ಲಿ ಕೂರಿಸಿ ಭಂಡಾರ ಏರಿಸುತ್ತಿದ್ದಳು. ನಿಮ್ಮವರು ಸಿಪಾಯಿಯಾಗಿ ಸತ್ತಿದ್ದರೆ ತಟ್ಟೆಯಷ್ಟು ದೊಡ್ಡ ಕಂಚಿನ ಬಿಲ್ಲೆಯೂ ಬಂದಿರಬಹುದು. ಅದರ ಮೇಲೆ ತ್ರಿಶೂಲ ಹಿಡಿದ ಹೆಂಗಸು, ಪಕ್ಕದಲ್ಲಿ ಸಿಂಹ. ಅದನ್ನು ದುರ್ಗವ್ವ ಎಂದು ಪೂಜಿಸುವ ಮನೆಗಳೂ ಇರಬಹುದು. ಅದು ಬ್ರಿಟಾನಿಯಾ. ಅದರ ಮೇಲೊಂದು ಚೌಕದೊಳಗೆ ಸತ್ತವನ ಹೆಸರಿರುತ್ತದೆ.

ಪದಕದ ಗುಟ್ಟು ಇರುವುದು ಅದರ ಅಂಚಿನಲ್ಲಿ. ನಂಬರು, ಹೆಸರು, ಪಡೆ, ಇಷ್ಟನ್ನೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುತ್ತಾರೆ. ಆ ನಂಬರು ಸಿಕ್ಕಿದರೆ ಅರ್ಧ ದಾರಿ ನಡೆದಂತೆ. ಪಡೆ ಯಾವುದೆಂದು ಗೊತ್ತಾದರೆ ಅದು ಯಾವ ತಿಂಗಳು ಎಲ್ಲಿತ್ತು ಎಂಬುದನ್ನು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿರುವ ಯುದ್ಧ ದಿನಚರಿಗಳಲ್ಲಿ ಹುಡುಕಬಹುದು.

ಎರಡನೆಯದು ಜಮೀನಿನ ಕಾಗದ. ಹೊಲ ಇದ್ದ ಮನೆಯಾದರೆ ಸತ್ತವನ ಹೆಸರು ಕಡಿಮೆ ಮಾಡಿ ವಾರಸದಾರರ ಹೆಸರು ಹಚ್ಚಿದ ನೋಂದಣಿ ಇರಬೇಕು. ಹಳೆಯ ಉತಾರ ತೆಗೆಸಿದರೆ ಸತ್ತ ವರ್ಷದ ಅಂದಾಜಾದರೂ ಸಿಗುತ್ತದೆ. ನಾನು ಇದಕ್ಕಾಗಿ ಒಂದು ಕಚೇರಿಗೆ ಹನ್ನೊಂದು ಸಲ ಎಡತಾಕಿದೆ. "ಸತ್ತು ನೂರು ವರ್ಷ ಆದವನ ಉಸಾಬರಿ ಈಗ ಯಾಕ್ರೀ?" ಎಂದು ನಕ್ಕರು. ಹನ್ನೆರಡನೇ ಸಲ ಸಿಕ್ಕಿತು. ಮೋಡಿ ಲಿಪಿಯಲ್ಲಿತ್ತು, ಓದುವವರನ್ನು ಹುಡುಕಲು ಇನ್ನೊಂದು ವರ್ಷ.

ಇಷ್ಟಾದ ಮೇಲೆ ಆಯೋಗದ ಪಟ್ಟಿ. ಮೊಬೈಲಿನಲ್ಲೇ ನೋಡಬಹುದು, ದುಡ್ಡಿಲ್ಲ. ಬಹಳ ಕಡೆ ಅಪ್ಪನ ಹೆಸರು, ಊರು, ತಾಲೂಕು, ಜಿಲ್ಲೆ ಕೊಟ್ಟಿರುತ್ತಾರೆ. ಆದರೆ ಇಂದಿನ ಹೆಸರಿಟ್ಟು ಹುಡುಕಿದರೆ ಏನೂ ಸಿಗದು. ಸವದತ್ತಿ ಆಗ ಪರಸಗಡ ತಾಲೂಕು, ಬೈಲಹೊಂಗಲ ಸಂಪಗಾವ ತಾಲೂಕು. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳಾಗಿದ್ದವು, ಅಲ್ಲಿಯವರು ಬೆಳಗಾವಿ, ವಿಜಯಪುರ ಜಿಲ್ಲೆಯ ಕೆಳಗೆ ಬರಲಿಕ್ಕಿಲ್ಲ. ನಮ್ಮ ಹೆಸರುಗಳನ್ನು ಬರೆದವರಿಗೆ ಕನ್ನಡ ಬರುತ್ತಿರಲಿಲ್ಲ. ಒಬ್ಬ ಬಸಪ್ಪನನ್ನು ಒಂದು 'ಪಿ', ಎರಡು 'ಪಿ', ಒಂದು 'ಎಸ್', ಎರಡು 'ಎಸ್', ಕೆಲವು ಸಲ 'ಎ' ಬದಲು 'ಯು' ಹಾಕಿ ಹುಡುಕಬೇಕು. ಇನ್ನೊಂದು ಮಾತು. ದಿಲ್ಲಿಯ ಇಂಡಿಯಾ ಗೇಟಿನ ಮೇಲೆ ಹೆಸರಿದೆಯೇನೋ ಎಂದು ಬಹಳ ಜನ ಕತ್ತೆತ್ತಿ ನೋಡುತ್ತಾರೆ. ಅಲ್ಲಿರುವ 13 ಸಾವಿರ ಚಿಲ್ಲರೆ ಹೆಸರುಗಳು ಹೆಚ್ಚಾಗಿ ವಾಯವ್ಯ ಗಡಿಯಲ್ಲಿ, 1919ರ ಅಫ್ಘನ್ ಯುದ್ಧದಲ್ಲಿ ಸತ್ತವರವು. ಹಾಗೆಯೇ ಮೈಸೂರು ಲ್ಯಾನ್ಸರ್ಸ್ ಸವಾರರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮವರು ಕಾದಿದ್ದು ಈಜಿಪ್ಟು, ಪ್ಯಾಲೆಸ್ಟೈನಿನಲ್ಲಿ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಗೆದ್ದವರಲ್ಲಿ ಅವರಿದ್ದರು. ನೀವು ನೋಡಬೇಕಾದದ್ದು ಹೈಫಾದ ಭಾರತೀಯ ಸ್ಮಶಾನ, ಕೈರೋದ ಹೆಲಿಯೊಪೊಲಿಸ್ ಸ್ಮಾರಕ.

ನಮ್ಮ ದೊಡ್ಡ ಮುತ್ಯಾನದು ಸಂತೆಯಲ್ಲಿ ನಿಂತು ಕೂಗಿದರೆ ಹತ್ತು ಜನ ತಿರುಗಿ ನೋಡುವ ಹೆಸರು. ಹೊಂದುವ ದಾಖಲೆಗಳು ಮೂರು ಸಿಕ್ಕವು. ಒಂದರಲ್ಲಿ ಅಪ್ಪನ ಹೆಸರು ಸರಿ, ಊರಿಲ್ಲ. ಇನ್ನೊಂದರಲ್ಲಿ ಊರು ನಮ್ಮೂರಿನಂತೆ ಕಾಣುತ್ತದೆ, ಅಪ್ಪನ ಹೆಸರಿಲ್ಲ. ಮೂರನೆಯದರಲ್ಲಿ ಬರೇ ಹೆಸರು, ನಂಬರು, ಕೂಲಿ ಪಡೆ. ಮೂರಕ್ಕೂ ಸತ್ತ ತಾರೀಖು ಬೇರೆ ಬೇರೆ. ಮೂವರೂ ಬಸರಾ ಸ್ಮಾರಕದ ಲೆಕ್ಕದಲ್ಲೇ ಇದ್ದಾರೆ, ಅಂದರೆ ಗುರುತಿಸಿದ ಗೋರಿ ಮೂವರಿಗೂ ಇಲ್ಲ. ಇವರಲ್ಲಿ ನಮ್ಮವನು ಯಾರೆಂದು ತೀರ್ಮಾನಿಸಬಲ್ಲದ್ದು ಪದಕದ ಅಂಚಿನ ನಂಬರೊಂದೇ.

ಆ ನಂಬರು ಹೋಗಿದೆ. ಆಯಿ, ಅವಳಿಗಿಂತ ಮುಂಚೆ ಅವಳ ಅತ್ತೆ, ನೂರು ವರ್ಷ ಅಮಾಸಿ ಅಮಾಸಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಆ ಪದಕವನ್ನು ತಿಕ್ಕಿ ಬೆಳಗಿದರು. ಅಂಚು ಈಗ ನುಣ್ಣಗೆ, ಕನ್ನಡಿಯಂತೆ. ಭೂತಗನ್ನಡಿ ಹಿಡಿದರೆ ಒಂದು ಏಳು ಕಾಣುತ್ತದೆ, ಅದರ ಮುಂದೆ ಸೊನ್ನೆಯೋ ಎಂಟೋ ತಿಳಿಯದು.

ತಮ್ಮ ಹೇಳುತ್ತಾನೆ, ಇರಾಕಿಗೆ ಹೋಗುವವರ ಕೈಯಲ್ಲಿ ಒಂದು ಮುಷ್ಟಿ ಮಣ್ಣು ತರಿಸಿ ಖಾಲಿ ಜಾಗಕ್ಕೆ ಹಾಕೋಣ ಎಂದು. ನನಗೆ ಒಪ್ಪಿಗೆಯಾಗಲಿಲ್ಲ. ಯಾವ ಊರಿನ ಮಣ್ಣೆಂದು ತರುವುದು? ಬಸರಾದ್ದೋ, ಅಮಾರಾದ್ದೋ? ಹೋದ ವರ್ಷ ಗೋಕಾಕ ಕಲ್ಲಿನ ಒಂದು ಚಪ್ಪಡಿ ನೆಟ್ಟೆವು. ಅವನ ಹೆಸರು, ಅಪ್ಪನ ಹೆಸರು, ಊರು, ಕೆಳಗೆ 'ಬಸರಾ'. ತಾರೀಖು ಹಾಕಿಸಲಿಲ್ಲ. ಜಂಗಮರು ಬಂದು ವಿಭೂತಿ ಹಚ್ಚಿದರು.

ನಾವೆಲ್ಲ ಕೂಡಿ ಮಾಡುವ ಕೆಲಸವಿದೆ ಎಂದೆನಲ್ಲ. ಪಂಜಾಬಿನಿಂದ ಹೋದವರ ಊರುವಾರು ದಫ್ತರುಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ನೂರು ವರ್ಷ ಬಿದ್ದಿದ್ದವು. ಸುಮಾರು 3,20,000 ಮಂದಿಯ ವಿವರ ಅವುಗಳಲ್ಲಿದೆ. ಈಗ ಅವನ್ನು ಒಂದೊಂದಾಗಿ ಎಲ್ಲರಿಗೂ ತೆರೆಯುತ್ತಿದ್ದಾರೆ, ಮೊಮ್ಮಕ್ಕಳು ಊರಿನ ಹೆಸರು ಹಾಕಿ ಅಜ್ಜನನ್ನು ಹುಡುಕುತ್ತಿದ್ದಾರೆ. ನಮಗೆ ಅಂಥ ದಫ್ತರು ಬರುವ ತನಕ ಕಾಯುವುದು ಬೇಡ. ನಿಮ್ಮ ಊರಿನಿಂದ ಹೋದವರ ಹೆಸರು, ಅವರ ಅಪ್ಪನ ಹೆಸರು, ಅಡ್ಡಹೆಸರು, ಅಂದಿನ ತಾಲೂಕು, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ತೊಂಬತ್ತು ದಾಟಿದ ಅಜ್ಜ, ಆಯಿ ಇದ್ದರೆ ಇದೇ ವಾರ ಹೋಗಿ ಕೂತು ಕೇಳಿ. ಊರಿನ ಚಾವಡಿಯ ಗೋಡೆಯಲ್ಲಿ, ಇಷ್ಟು ಜನ ಯುದ್ಧಕ್ಕೆ ಹೋದರು ಇಷ್ಟು ಜನ ಸತ್ತರು ಎಂಬ ಹಳೆಯ ಇಂಗ್ಲಿಷ್ ಫಲಕವಿದ್ದರೆ ಸುಣ್ಣ ಬಳಿಯಲು ಬಿಡಬೇಡಿ. ಹಾಳೆಗಳು ಒಂದೆಡೆ ಸೇರಿದರೆ ಅವನ್ನು ಹಿಡಿದು ಆಯೋಗದ ಬಾಗಿಲು ಬಡಿಯೋಣ. ಅಮಾರಾದ ಎಡದಂಡೆಯಲ್ಲಿ ಇರುವ ಹೆಸರು ಒಂಬತ್ತೇ. ಹತ್ತನೆಯದು ನಿಮ್ಮ ಮನೆಯದೇ ಇರಬಹುದು.

ಮತ್ತು ಈ ಸಲ ಹಿರಿಯರ ಎಡೆಗೆ ದೇವರ ಸಾಮಾನು ಬೆಳಗುವಾಗ ಆ ಪದಕವನ್ನು ಮಾತ್ರ ಬದಿಗಿಡಿ. ಹುಣಸೆಹಣ್ಣು ತಾಗಿಸಬೇಡಿ. ಅಂಚಿನ ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ. ಎದ್ದ ಅಕ್ಷರಗಳನ್ನು ಇದ್ದ ಹಾಗೆ ಬರೆದಿಡಿ.

ಶರಣಾರ್ಥಿಗಳೊಂದಿಗೆ,
ನಿಮ್ಮಂಥ ಒಬ್ಬ ಮರಿಮಗ